ಟೈಲರಕ್ಕನ ಬೆನ್ನು

“ಅಮ್ಮಾ, ಟೈಲರಕ್ಕ ದಿನಾ ಗೋಡೆ ತಳ್ತಾರಲ್ಲ, ಅದೇನು ಬಿದ್ದೋಗುತ್ತಾ?”

ಅಂಗಡಿಯ ಬಾಗಿಲಲ್ಲೇ ನಿಂತು ಪುಟ್ಟಿ ಕೇಳಿಬಿಟ್ಟಳು. ಮಗಳ ಸ್ಕರ್ಟಿನ ಅಂಚು ಬಿಚ್ಚಿ ಉದ್ದ ಮಾಡಿಸಲು ಬಂದಿದ್ದ ಅವಳಮ್ಮ, “ಸುಮ್ನಿರೇ!” ಎಂದು ಕೈ ಜಗ್ಗಿದಳು. ಒಳಗೆ ಅಂಗೈಗಳನ್ನು ಗೋಡೆಗೂರಿ ನಿಂತಿದ್ದ ಟೈಲರಕ್ಕ ಉಸಿರು ಬಿಟ್ಟು ನಕ್ಕಳು.

“ಗೋಡೆ ಗಟ್ಟಿಯಾಗಿದೆ ಕಂದಾ. ವಾಲಿರೋದು ನಾನು.”

ಅವಳ ಬೆನ್ನುಮೂಳೆ ಒಂದು ಪಕ್ಕಕ್ಕೆ ಬಾಗಿರುವುದು ಹೈಸ್ಕೂಲಿನಲ್ಲೇ ಗೊತ್ತಾಗಿತ್ತು. ಆಗ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ವರ್ಷಗಟ್ಟಲೆ ಮಿಷನ್ ಮೇಲೆ ಬಗ್ಗಿ ಕೂತಮೇಲೆ ನೋವು ಬೆನ್ನು ಹತ್ತಿತು. ಬಾಗು ಹೀಗೇ ಹೆಚ್ಚುತ್ತ ಹೋದರೆ ಆಪರೇಷನ್ ಯೋಚಿಸಬೇಕಾಗುತ್ತದೆ, ಸದ್ಯಕ್ಕೆ ವ್ಯಾಯಾಮ ಮಾಡಿ ನೋಡೋಣ ಎಂದರು ಡಾಕ್ಟರು. ಆಪರೇಷನ್ ಎಂದರೆ ತಿಂಗಳುಗಟ್ಟಲೆ ಮಿಷನ್ ಮುಟ್ಟುವಂತಿಲ್ಲ. ಅಷ್ಟರಲ್ಲಿ ಗಿರಾಕಿಗಳು ಬೇರೆ ಬಾಗಿಲು ಹುಡುಕಿಕೊಂಡಿರುತ್ತಾರೆ. ಹಾಗಾಗಿ ಅವಳು ವ್ಯಾಯಾಮವನ್ನು ಹಿಡಿದದ್ದು ಉಡದ ಪಟ್ಟಿನಲ್ಲಿ.

ಆದರೆ ಹಾಳು ಕಸುಬು ಅಲ್ಲೂ ಮೂಗು ತೂರಿಸಿತು. ಗಿರಾಕಿಯ ಅಂಗಿ ಕೂರಿಸುವ ಹಾಗೆ ಕನ್ನಡಿಯ ಮುಂದೆ ನಿಂತು ತನ್ನ ಭುಜಗಳೆರಡನ್ನೂ ಒಂದೇ ಮಟ್ಟಕ್ಕೆ ತಂದಳು. ನೋಡಲು ಎಲ್ಲ ಸರಿಯಾಗೇ ಇತ್ತು, ನೋವು ಮಾತ್ರ ಇದ್ದಲ್ಲೇ ಇತ್ತು. ಈ ವಾರ ವ್ಯಾಯಾಮ ಹೇಳಿಕೊಡುವ ಫಿಸಿಯೋ ಮೇಡಂ ಬೆನ್ನ ಮೇಲೆ ಕೈಯಿಟ್ಟು ನೋಡಿದವರೇ ಗದರಿದರು.

“ಅಕ್ಕಾ, ಭುಜ ಸರಿ ಮಾಡೋಕೆ ಹೋಗಿ ಸೊಂಟ ಓರೆ ಮಾಡ್ಕೊಂಡಿದೀರಲ್ರೀ! ಉಸಿರೂ ಉಬ್ಬಿರೋ ಕಡೆಗೇ ಹೋಗ್ತಿದೆ. ಅದು ಕುಸಿದಿರೋ ಎಡಗಡೆ ತುಂಬಬೇಕು. ಮನೇಲಿ ಯಾರಾದ್ರೂ ಅಲ್ಲಿ ಕೈಯಿಟ್ಟು, ಉಸಿರು ಬರ್ತಿದೆಯೋ ಇಲ್ವೋ ಹೇಳ್ಲಿ.”

ಸ್ಕರ್ಟಿಗೆ ಗುಂಡುಪಿನ್ನು ಚುಚ್ಚುತ್ತ ಟೈಲರಕ್ಕ ಇದನ್ನೆಲ್ಲ ಹೇಳಿಕೊಂಡಳು.

“ಯಜಮಾನ್ರು ಇಡಲ್ವಾ?” ಎಂದಳು ಪುಟ್ಟಿಯ ಅಮ್ಮ.

“ಅಯ್ಯೋ, ಅವ್ರು ಕೈಯಿಟ್ರೆ ಕಚಗುಳಿ! ನಾನೂ ನಗ್ತೀನಿ, ಅವ್ರೂ ನಗ್ತಾರೆ, ಉಸಿರು ಊರಾಚೆ ಹೋಗಿರುತ್ತೆ.”

ಪುಟ್ಟಿಗೂ ನಗು. ಟೈಲರಕ್ಕ ಪಿನ್ನಿನ ಡಬ್ಬಿ ಮುಚ್ಚಿದಳು. ದನಿ ತಗ್ಗಿತು.

“ನೆಟ್ಟಗಾಗ್ಬಿಡ್ತೀನಿ ಅಂತ ಆಸೆಯಿಲ್ಲ ಕಣ್ರೀ. ಮುಂದಿನ ಎಕ್ಸ್‌ರೇಲಿ ಜಾಸ್ತಿ ಆಗಿರ್ಬಾರ್ದು, ಅಷ್ಟೇ. ಬೆನ್ನು ನನ್ನದೇ, ಆದ್ರೆ ನನ್ ಕಣ್ಣಿಗೆ ಕಾಣಲ್ಲ, ಕೈಗೆ ಎಟುಕಲ್ಲ. ಮಗೂನ ಸ್ಕೂಲಿಗೆ ಬಿಟ್ಟು ಬರ್ತೀರಲ್ಲ, ಆಗ ಒಂದು ಗಳಿಗೆ ಒಳಗೆ ಬರ್ತೀರಾ? ಇಲ್ಲಿ, ಎಡಗಡೆ ಪಕ್ಕೆಲುಬಿನ ಮೇಲೆ ಕೈಯಿಟ್ರೆ ಸಾಕು. ಉಸಿರು ಬಂದು ಕೈ ಮುಟ್ಲಿಲ್ಲ ಅಂದ್ರೆ ಮುಲಾಜಿಲ್ದೆ ಬೈದ್ಬಿಡಿ.”