ಗೋಣಿಯೊಳಗಿಲ್ಲದ ಬೈಕು

ಇದನ್ನು ನೀವು ನಂಬುವುದಿಲ್ಲ. ನಂಬದಿದ್ದರೂ ಬೇಜಾರಿಲ್ಲ, ಏಕೆಂದರೆ ನಾನು ಹೇಳುವುದರಲ್ಲಿ ಅರ್ಧಕ್ಕೆ ಗಾಳಿ ತುಂಬಿರುತ್ತೇನೆ ಎಂದು ನಮ್ಮ ನೆಂಟರಲ್ಲೆಲ್ಲ ಪ್ರಸಿದ್ಧಿ. ಆದರೆ ಈ ಒಂದು ಸಂಗತಿಗೆ ಒಂದು ಪಂಪನ್ನೂ ಹೊಡೆದಿಲ್ಲ: ಏಳು ವಾರ ನಮ್ಮವ್ವ ದಿನಾ ಬೆಳಿಗ್ಗೆ ಆಫೀಸಿಗೆ ಹೋಗುವಾಗ ಎರಡು ಮುರಿದ ಪ್ಲಾಸ್ಟಿಕ್ ಕುರ್ಚಿ, ಒಂದು ಹಳೇ ಗಾದಿ, ಒಂದು ಸೈಕಲ್ ಚಕ್ರ ಮತ್ತು ಕೂಲರಿನ ಖಾಲಿ ಡಬ್ಬಕ್ಕೆ ಕೈಮುಟ್ಟಿಸಿ ಕಣ್ಣಿಗೊತ್ತಿಕೊಂಡು ಹೋದಳು. ಅದು ಅಪ್ಪನ ಬೈಕು ಎಂದು ತಿಳಿದು.

ಆ ಬೈಕಿನ ಶಿಲ್ಪಿ ನಾನು.

ಅಪ್ಪ ಬ್ಯಾಂಕ್ ಆಫೀಸರು. ನಾವು ಧಾರವಾಡದವರು ಅಂತ ಹೇಳಿಕೊಳ್ಳುತ್ತೇವೆ, ಆದರೆ ಮೂರು ವರ್ಷಕ್ಕೊಮ್ಮೆ ಬ್ಯಾಂಕಿನವರು ನಮ್ಮನ್ನು ಬೇರುಸಹಿತ ಕಿತ್ತು ಬೇರೆ ಊರಲ್ಲಿ ನೆಡುತ್ತಿದ್ದರು. ಸಾಮಾನು ಲಾರಿಯಲ್ಲಿ, ನಾವು ರೈಲಿನಲ್ಲಿ, ಅಪ್ಪನ ಬೈಕು ಅದೇ ರೈಲಿನ ಪಾರ್ಸೆಲ್ ಡಬ್ಬಿಯಲ್ಲಿ. ಸ್ಟೇಷನ್ನಿನಲ್ಲಿ ಪೆಟ್ರೋಲು ಪೂರ್ತಿ ಬಸಿದು, ಹ್ಯಾಂಡಲ್ಲಿಗೆ ಹುಲ್ಲು ಕಟ್ಟಿ, ಇಡೀ ಬೈಕಿಗೆ ಗೋಣಿಪಟ್ಟಿ ಸುತ್ತಿ ದಬ್ಬಣದಿಂದ ಹೊಲಿದುಬಿಡುತ್ತಾರೆ. ಮೇಲೆ ಬಣ್ಣದಲ್ಲಿ ಊರಿನ ಹೆಸರು. ನೋಡಿದರೆ ಯಾರೋ ಆನೆಮರಿಯನ್ನು ಕಳ್ಳತನದಲ್ಲಿ ಸಾಗಿಸುತ್ತಿದ್ದಾರೆ ಅನ್ನಿಸಬೇಕು.

ಹೊಸ ಊರಿನಲ್ಲಿ ಅದನ್ನು ಬಿಚ್ಚುವುದಕ್ಕೆ ನಮ್ಮ ಮನೆಯಲ್ಲೊಂದು ಪದ್ಧತಿ. ಹೊಲಿಗೆ ಅಪ್ಪನೇ ಕತ್ತರಿಸಬೇಕು. ಬೇರೆ ಯಾರೂ ಗೋಣಿಗೆ ಕೈ ಹಚ್ಚುವಂತಿಲ್ಲ. ಬಿಚ್ಚಿದ ಮೇಲೆ ಅವ್ವನನ್ನು ಹಿಂದೆ ಕೂರಿಸಿಕೊಂಡು ಊರಲ್ಲೊಂದು ಸುತ್ತು. ಇಬ್ಬರೂ ತಿರುಗಿ ಬಂದ ಮೇಲೇ ಒಲೆ ಹಚ್ಚುವುದು. ಹೀಗೆ ನಾಲ್ಕು ಊರುಗಳಲ್ಲಿ ನಾನು ಹಸಿವಿನಿಂದ ಸತ್ತು ಹುಟ್ಟಿದ್ದೇನೆ.

ವಿಜಯವಾಡದಲ್ಲಿ ನಾನು ಕಾಲೇಜು ಸೇರಿದೆ, ಅವ್ವನಿಗೆ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ ಸಿಕ್ಕಿತು, ಅದೇ ಹೊತ್ತಿಗೆ ಅಪ್ಪನಿಗೆ ವೈಜಾಗಿಗೆ ಟ್ರಾನ್ಸ್‌ಫರ್. ಈ ಸಲ ಅಪ್ಪ ಒಬ್ಬನೇ ಹೋದ. ರೈಲು ಹತ್ತಿಳಿಯಲು ಸುಲಭ ಅಂತ ದುವ್ವಾಡ ಸ್ಟೇಷನ್ ಹತ್ತಿರ ಒಂದು ರೂಮು ಹಿಡಿದ. ಶನಿವಾರ ಸಂಜೆಯ ರೈಲಿಗೆ ಮನೆಗೆ ಬರುವುದು, ಭಾನುವಾರ ಸಂಜೆ ವಾಪಸ್. ಬೈಕು ಅವನ ಜೊತೆಗೇ ಹೋಗಿತ್ತು.

ಒಂದು ದಿನ ಫೋನಿನಲ್ಲಿ, "ಅವ್ವೀ, ಇಲ್ಲೊಂದು ರೇಸ್ ಐತಿ," ಅಂದ. ನನ್ನ ಮೇಲೆ ಪ್ರೀತಿ ಉಕ್ಕಿದಾಗ 'ಅವ್ವಿ' ಅನ್ನುತ್ತಿದ್ದ. ವೈಜಾಗಿನ ಹೊರಗೆ ಮಣ್ಣಿನ ಟ್ರ್ಯಾಕು. ಆರು ತಾಸು. ವೇಗಕ್ಕಿಂತ ತಾಳಿಕೊಳ್ಳುವುದು ಮುಖ್ಯ. ಒಂದು ಬೈಕಿಗೆ ಇಬ್ಬರು, ತಾಸಿಗೊಮ್ಮೆ ಬದಲಾಗಬೇಕು.

"ಯಾರ್ ಯಾರು?" ಅಂದೆ.

"ನಾನು, ನೀನು."

ಇದು ಕೊತ್ತಂಬರಿ ತರಲು ಹೋಗುವಾಗಲೂ ಹೆಲ್ಮೆಟ್ಟಿನ ಪಟ್ಟಿ ಎರಡು ಸಲ ಎಳೆದು ನೋಡುವ ಮನುಷ್ಯ ಆಡಿದ ಮಾತು. ಜನ್ಮದಲ್ಲಿ ಅವನನ್ನು ಹಿಂದಿಕ್ಕದ ವಾಹನವೆಂದರೆ ನಿಂತ ವಾಹನ. ನನಗೆ ಆಗಷ್ಟೇ ಹದಿನೆಂಟು ತುಂಬಿ ಲೈಸೆನ್ಸ್ ಬಂದಿತ್ತು. ನಾನು ನಕ್ಕು ನಕ್ಕು ಮಂಚದಿಂದ ಬಿದ್ದೆ. (ಬಿದ್ದಿಲ್ಲ. ಆದರೆ ನಕ್ಕಿದ್ದು ನಿಜ.)

ಆಮೇಲೆ ಅಪ್ಪ ಶನಿವಾರ ಮನೆಗೆ ಬರುವುದನ್ನು ನಿಲ್ಲಿಸಿದ. ಭಾನುವಾರ ಬೆಳಿಗ್ಗೆ ಐದಕ್ಕೆ ಎದ್ದು ಭೀಮಿಲಿ ಕಡೆಗೆ ಸಮುದ್ರದ ದಂಡೆಯ ರಸ್ತೆಯಲ್ಲಿ ಹೋಗಿ ಬರುವುದು, ಇಳಿಯದೆ. ನೀರು ಕುಡಿಯುವುದೂ ಬೈಕಿನ ಮೇಲೇ. ಇಲ್ಲಿ ನಾನು ಗೆಳತಿಯ ಸ್ಕೂಟರಿನಲ್ಲಿ ಇಬ್ರಾಹಿಂಪಟ್ನಂವರೆಗೆ ಹೋಗಿ, ಥರ್ಮಲ್ ಸ್ಟೇಷನ್ನಿನ ಚಿಮಣಿ ಕಂಡೊಡನೆ ತಿರುಗುತ್ತಿದ್ದೆ. ಸಂಜೆ ಅಪ್ಪನ ಫೋನು.

"ಎಷ್ಟೊತ್ತು ಕೂತಿ ಇವತ್ತ?"

"ಎರಡೂವರಿ ತಾಸು. ಇಳಿದ್ರ ಕಾಲು ನನ್ನವು ಅಲ್ಲ ನೋಡು. ಗ್ವಾಡಿ ಹಿಡಕೊಂಡು ಹೊಂಟಿದ್ದೆ, ಮನಿ ಮಾಲಕ 'ಪಕ್ಷವಾತಮಾ ಸಾರ್?' ಅಂದ."

"ಅವ್ವಗ ಏನ್ ಹೇಳ್ಲಿ?"

"ಆಡಿಟ್ ಅನ್ನು. ಆಡಿಟ್ ಅಂದ್ರ ನಿಮ್ಮವ್ವ ಮುಂದ ಕೇಳಂಗಿಲ್ಲ."

ನಾನು ಅವ್ವನಿಗೆ ಆಡಿಟ್ಟಿನ ಬಗ್ಗೆ ಬರೀ ಹೇಳಲಿಲ್ಲ, ಸಾಹಿತ್ಯವನ್ನೇ ರಚಿಸಿದೆ. ಆಡಿಟರಿಗೆ ಒಂದು ಮೀಸೆ ಕೊಟ್ಟೆ, ಸಕ್ಕರೆ ಕಾಯಿಲೆ ಕೊಟ್ಟೆ, ಪೂರಿ ತಿಂದು ಪೇಪರಿಗೆ ಕೈ ಒರೆಸುವ ಅಭ್ಯಾಸ ಕೊಟ್ಟೆ. ಅವ್ವ ಮೊದಮೊದಲು ನಕ್ಕಳು.

ಒಂದು ಭಾನುವಾರ ಅಪ್ಪ, "ಎದಿಯೊಳಗ ಸ್ವಲ್ಪ ಉರಿ ಆಗಾಕತ್ತೈತಿ," ಅಂದ. "ಮಿರ್ಚಿ ಬಜ್ಜಿ ಕೆಲಸ ಇರಬೇಕು."

"ಎಷ್ಟ್ ತಿಂದಿ?"

"ನಾಕು. ನಿಮ್ಮವ್ವಗ ಹೇಳಬ್ಯಾಡ. ಹೇಳಿದ್ರ ರೇಸ್ ಮುಗೀತು."

ನಾನು ಹೇಳಲಿಲ್ಲ. ಮುಂದಿನ ಭಾನುವಾರ ಮತ್ತೆ ಉರಿ ಅಂದ, ಅದರ ಮುಂದಿನದೂ ಅಂದ. ಬಜ್ಜಿ ಬಿಟ್ಟೀನಿ, ಆದ್ರೂ ಎಡಗೈ ಜೋಮು ಹಿಡಿದಂಗ ಆಗತೈತಿ, ಹ್ಯಾಂಡಲ್ ಗಟ್ಟಿ ಹಿಡಿಯೋದಕ್ಕ ಇರಬೇಕು ಅಂದ. "ವಯಸ್ಸಾತು ಮುದುಕ, ನಿನ್ನ ತಾಸೂ ನಾನ ಹೊಡೀತೀನಿ ಬಿಡು," ಅಂತ ತಮಾಷೆ ಮಾಡಿದೆ. ಅವ್ವ ಪಕ್ಕದ ಕೋಣೆಯಲ್ಲೇ ಬಟ್ಟೆ ಮಡಿಚುತ್ತಿದ್ದಳು. ಕರೆದು ಫೋನು ಕೊಟ್ಟಿದ್ದರೆ ಆಗುತ್ತಿತ್ತು. ರೇಸ್ ಹೋಗುತ್ತದೆ ಅನ್ನಿಸಿತು, ಅಷ್ಟೇ.

ಆ ಮಂಗಳವಾರ ಅಪ್ಪ ಬ್ಯಾಂಕಿಗೆ ಹೋಗಲಿಲ್ಲ. ಮಧ್ಯಾಹ್ನ ರೂಮಿನ ಬಾಗಿಲು ಒಡೆದರು. ಇಲ್ಲಿ ಹಿಗ್ಗಿಸುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ.

ತಿಂಗಳಾದ ಮೇಲೆ ಬ್ಯಾಂಕಿನವರು ಬೈಕನ್ನು ಪಾರ್ಸೆಲ್ ಮಾಡಿ ಕಳಿಸಿದರು. ಅದೇ ಗೋಣಿ, ಅದೇ ಹೊಲಿಗೆ, ಮೇಲೆ 'ವಿಜಯವಾಡ' ಅಂತ ಕೆಂಪು ಬಣ್ಣದಲ್ಲಿ. ಅವ್ವ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿದಳು. ವಾಚ್‌ಮನ್ ಚಾಕು ತಂದು, "ಬಿಚ್ಚಲಾ ಮೇಡಂ?" ಅಂತ ಕೇಳಿದ. ಅವ್ವ, "ಬ್ಯಾಡ. ಅದನ್ನ ಬಿಚ್ಚೋದು ಅವರು," ಅಂದಳು. ಅವನಿಗೆ ಕನ್ನಡ ಬರುವುದಿಲ್ಲ. ಆದರೂ ಚಾಕು ಮಡಿಚಿಕೊಂಡು ಹೋದ.

ಆಮೇಲೆ ಅದು ಹಾಗೇ ನಿಂತಿತ್ತು. ಅವ್ವ ಹೋಗುವಾಗ ಬರುವಾಗ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು, ಶುಕ್ರವಾರ ಹ್ಯಾಂಡಲ್ಲಿನ ಉಬ್ಬಿಗೆ ಒಂದು ಹೂವು.

ವರ್ಷ ತಿರುಗಿ ಅದೇ ರೇಸಿನ ಪ್ರಕಟಣೆ ಬಂತು. ಈ ಸಲ ಒಬ್ಬರೇ ಓಡಿಸುವ ವಿಭಾಗವೂ ಇತ್ತು. ಆರು ತಾಸೂ ಒಬ್ಬಳೇ. ನಾನು ಹೆಸರು ಕೊಟ್ಟೆ. ನನ್ನ ಯೋಜನೆ ಸರಳ: ಅಪ್ಪನ ಬೈಕಿನಲ್ಲಿ ಆರು ತಾಸು ಮುಗಿಸುವುದು, ಮೆಡಲ್ ಹಾಕಿಕೊಂಡು ಮನೆಗೆ ಬರುವುದು, ಆಮೇಲೆ ಅವ್ವನಿಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳುವುದು. ಕೊರಳಲ್ಲಿ ಮೆಡಲ್ ಇದ್ದವರಿಗೆ ಯಾರೂ ಹೊಡೆಯುವುದಿಲ್ಲ. ರೇಸಿನ ತನಕ ಅವ್ವನಿಗೆ ಗೊತ್ತಾಗಬಾರದು, ಅಷ್ಟೇ.

ಮೇ ತಿಂಗಳ ನಡುಮಧ್ಯಾಹ್ನ, ವಿಜಯವಾಡದಲ್ಲಿ ಕಾಗೆಗಳೂ ನೆರಳಿಗೆ ಸರತಿ ನಿಲ್ಲುವ ಹೊತ್ತು. ಅವ್ವ ಆಫೀಸಿನಲ್ಲಿ, ವಾಚ್‌ಮನ್ ನಿದ್ದೆಯಲ್ಲಿ. ಗೋಡೆಯ ಕಡೆಯ ಹೊಲಿಗೆಯನ್ನಷ್ಟೇ ಬಿಚ್ಚಿ ಬೈಕನ್ನು ಹೊರಗೆ ಎಳೆದೆ, ಒಳಗೆ ಮೇಲೆ ಹೇಳಿದ ಸಾಮಗ್ರಿ ತುಂಬಿದೆ. ಗಾದಿ ಮಡಿಚಿ ಟ್ಯಾಂಕು, ಕುರ್ಚಿಯ ಕಾಲು ಹ್ಯಾಂಡಲ್ಲು. ದಬ್ಬಣದಿಂದ ಮತ್ತೆ ಹೊಲಿದೆ, ಹಳೆಯ ತೂತುಗಳಲ್ಲೇ. ಆಮೇಲೆ ಪೆಟ್ರೋಲಿಲ್ಲದ ಬೈಕನ್ನು ಆ ಬಿಸಿಲಲ್ಲಿ ಆಟೋನಗರದವರೆಗೆ ಒಬ್ಬಳೇ ತಳ್ಳಿದೆ. (ಬೀದಿಯ ತುದಿಯವರೆಗೆ. ಅಲ್ಲಿಂದ ಲಗೇಜ್ ಆಟೋ.)

ಆಟೋನಗರದಲ್ಲಿ ನಾನು ಹಿಡಿದ ಮೆಕ್ಯಾನಿಕ್ ಅರವತ್ತರ ಮನುಷ್ಯ, ಲಾರಿಗಳ ನಡುವೆ ಒಂದು ತಗಡಿನ ಶೆಡ್ಡು. ಅವರು ಆಡಿದ್ದೆಲ್ಲ ತೆಲುಗು. ನನ್ನ ತೆಲುಗು ನನ್ನ ಕನ್ನಡಕ್ಕಿಂತ ಗಟ್ಟಿಯಾಗಿದೆ, ಆದ್ದರಿಂದ ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಬಲ್ಲೆ.

ಮೊದಲ ದಿನವೇ ಬೈಕಿನ ಸುತ್ತ ಎರಡು ಸುತ್ತು ಹಾಕಿ, "ಇದನ್ನ ಯಾರೋ ಮೊದಲೇ ರೇಸಿಗೆ ರೆಡಿ ಮಾಡಿದಾರಲ್ಲ ತಲ್ಲೀ?" ಅಂದರು.

"ಅದೆಂಗೆ ಹೇಳ್ತೀರಿ?"

"ಸೀಟು ನೋಡು. ಫೋಮು ಎರಡು ಇಂಚು ಕೊಯ್ದು ಕವರ್ ಮತ್ತೆ ಹೊಲಿಸಿದಾರೆ. ಬ್ರೇಕ್ ಲಿವರ್ ಒಳಕ್ಕೆ ತಂದಿದಾರೆ, ಸಣ್ಣ ಬೆರಳಿಗೆ ಸಿಗೋ ಹಾಗೆ. ಇದು ನಿಮ್ಮ ಅಪ್ಪನದು ಅಂದೆಯಲ್ಲ, ಅವರು ಕುಳ್ಳಗಿದ್ರಾ?"

"ಆರಡಿ," ಅಂದೆ. ಐದಡಿಗೂ ಒಂದಿಂಚು ಕಡಿಮೆ ಇರುವುದು ನಾನು.

"ಅಯ್ಯೋ! ಮತ್ತೆ ಈ ಸೀಟಲ್ಲಿ ಅವರ ಮೊಣಕಾಲು ಕಿವಿಗೆ ಬಡೀತಿರಲಿಲ್ವಾ?"

ಅವರು ನಕ್ಕರು, ನಾನೂ ನಕ್ಕೆ. ಆಮೇಲೆ ಶೆಡ್ಡಿನ ಹಿಂದೆ ಹೋಗಿ ನಲ್ಲಿಯ ಕೆಳಗೆ ಬಹಳ ಹೊತ್ತು ಮುಖ ತೊಳೆದೆ. ಎರಡೂವರೆ ತಾಸು ಅಪ್ಪ ಆ ಸೀಟಿನ ಮೇಲೆ ಕೂತು, ಇಳಿದು, ಗೋಡೆ ಹಿಡಿದು ನಡೆದಿದ್ದ.

ಏಳು ವಾರ ತಯಾರಿ ನಡೆಯಿತು. ದಿನಾ ಕಾಲೇಜು ಬಿಟ್ಟ ಮೇಲೆ ಎರಡು ತಾಸು. ಕೈಗೆ ಗುಳ್ಳೆ, ಗುಳ್ಳೆಗೆ ಪಟ್ಟಿ. ಅವ್ವ ಕೇಳಿದರೆ ಕಾಲೇಜಿನಲ್ಲಿ ಹಗ್ಗ ಜಗ್ಗಾಟ. ಅಷ್ಟು ದಿನ ಹಗ್ಗ ಜಗ್ಗಿದ್ದರೆ ಪ್ರಕಾಶಂ ಬ್ಯಾರೇಜನ್ನೇ ಮನೆ ಮುಂದಕ್ಕೆ ಎಳೆದು ತಂದಿರುತ್ತಿದ್ದೆ. ಅವ್ವ ಅರಿಸಿನದ ಡಬ್ಬಿಯನ್ನು ನನ್ನ ಕಡೆ ಸರಿಸಿದಳು, ಅಷ್ಟೇ. ಅವಳು ಆ ವರ್ಷವಿಡೀ ಏನೂ ಅಂದಿರಲಿಲ್ಲ.

ಒಂದು ಶುಕ್ರವಾರ ಅವ್ವ ನನಗಿಂತ ಮೊದಲು ಇಳಿದಿದ್ದಳು. ನಾನು ಮೆಟ್ಟಿಲ ತಿರುವಿಗೆ ಬಂದಾಗ ಅವಳ ದನಿ ಕೇಳಿ ನಿಂತೆ. ಗೋಣಿಯ ಮೇಲೆ ಕೈಯಿಟ್ಟು, ಮೆಲ್ಲಗೆ, ಎದುರಿಗೆ ಮನುಷ್ಯ ಕೂತ ಹಾಗೆ ಮಾತಾಡುತ್ತಿದ್ದಳು.

"ಭಾನುವಾರ ಎಲ್ಲಿ ಇರ್ತಿದ್ರಿ? ಆಡಿಟ್ ಇದ್ದಿದ್ದಿಲ್ಲಂತ, ಬ್ಯಾಂಕಿನವರು ಹೇಳಿದ್ರು. ಯಾರರ ಇದ್ರು ಅಂದ್ರ ಇದ್ರು ಅಂತ ಹೇಳ್ರಿ. ನಾ ಏನೂ ಅನ್ನಂಗಿಲ್ಲ. ಗೊತ್ತಾದ್ರ ಸಾಕು ನನಗ."

ಹೂವಿಟ್ಟಳು. ಸೆರಗು ಸರಿಮಾಡಿಕೊಂಡು ಬಸ್ಸಿಗೆ ಹೋದಳು.

ಒಳಗೆ ಇದ್ದದ್ದು ಗಾದಿ, ಕುರ್ಚಿ. ನಾನು ಮೆಟ್ಟಿಲ ಮೇಲೆ ಕೂತೆ. ಓಡಿಹೋಗಿ ಹೇಳಿಬಿಡಬಹುದಿತ್ತು: ಯಾರೂ ಇರಲಿಲ್ಲ ಅವ್ವಾ, ಬೈಕಿತ್ತು, ನಾನಿದ್ದೆ. ಆದರೆ ಭಾನುವಾರದ ಮಾತು ತೆಗೆದರೆ ಎದೆಯುರಿಯ ಮಾತೂ ಬರುತ್ತದೆ. ರೇಸ್ ಮುಗಿಯಲಿ, ಎರಡೇ ವಾರ ಅಂದುಕೊಂಡೆ. ಕಾಲೇಜಿಗೆ ಹೋಗಿ ಕ್ಯಾಂಟೀನಿನಲ್ಲಿ ಎಲ್ಲರನ್ನೂ ಯಾವತ್ತಿಗಿಂತ ಜಾಸ್ತಿ ನಗಿಸಿದೆ.

ರೇಸಿಗೆ ಆರು ದಿನ ಇರುವಾಗ ಅಪಾರ್ಟ್‌ಮೆಂಟಿನವರು ಪಾರ್ಕಿಂಗಿಗೆ ಸುಣ್ಣ ಹೊಡೆಸಲು ಹೊರಟರು. ಅವತ್ತು ಅವ್ವನಿಗೆ ಅರ್ಧ ದಿನ ರಜೆ. ಬೈಕನ್ನು ಹುಷಾರಾಗಿ ಸರಿಸಲಿ ಅಂತ ತಾನೇ ಮುಂದೆ ನಿಂತು, ನಾಲ್ಕು ಜನ ಹಿಡಿಯಿರಿ ಅಂದಳಂತೆ. ವಾಚ್‌ಮನ್ ಮೊದಲು ಒಂದು ಕೈ ಹಾಕಿ ನೋಡಿದ. ಇಡೀ ಬೈಕು ಅವನ ಒಂದೇ ಕೈಯಲ್ಲಿ ಎದ್ದುಬಂತು. ಅವನು ಹೆದರಿ ಕೈಬಿಟ್ಟ, ಕೂಲರ್ ಡಬ್ಬ ಢಬ್ ಅಂತು. ಇದನ್ನು ಆಮೇಲೆ ವಾಚ್‌ಮನ್ನೇ ನನಗೆ ಅಭಿನಯಿಸಿ ತೋರಿಸಿದ. ಅವನ ಮುಖ ನೋಡಿ ನಗು ಬರಬೇಕಿತ್ತು.

ಅವ್ವ ನನ್ನ ಫೋನಿಗೆ ಮಾಡಿದಳು. ನಾನು ಟ್ರಯಲ್ಲಿಗೆ ಹೋಗಿದ್ದೆ, ಫೋನು ಶೆಡ್ಡಿನ ಬೆಂಚಿನ ಮೇಲಿತ್ತು. ಮೆಕ್ಯಾನಿಕ್ ಎತ್ತಿ ಬಹಳ ಮರ್ಯಾದೆಯಿಂದ, "ನಮಸ್ಕಾರಂ ಅಮ್ಮಾ, ಹುಡುಗಿ ಬೈಕ್ ತಗೊಂಡು ಹೋಗಿದಾಳೆ, ಈಗ ಬರ್ತಾಳೆ," ಅಂತ ಹೇಳಿ, ಕೇಳದಿದ್ದರೂ ಶೆಡ್ಡಿನ ಗುರುತು, ಪಕ್ಕದ ಟೈರ್ ಅಂಗಡಿಯ ಗುರುತು ಎಲ್ಲ ಕೊಟ್ಟರು.

ನಾನು ವಾಪಸ್ ಬಂದು ಎಂಜಿನ್ ಆಫ್ ಮಾಡದೆ ಕೂತೇ ಇದ್ದೆ. ಬಿಸಿಯಾದ ಮೇಲೆ ಸದ್ದು ಹೇಗಿದೆ ಎಂದು ಅವರು ಬಗ್ಗಿ ಕೇಳುತ್ತಿದ್ದರು. ಆಟೋ ಬಂದು ನಿಂತಿತು. ಅವ್ವ ಒಳಗೆ ಬಂದಳು. ಕೊರಳಲ್ಲಿ ಆಫೀಸಿನ ಗುರುತಿನ ಚೀಟಿ, ಕೈಗೆ ಸುಣ್ಣ.

ನನ್ನ ಬಾಯಲ್ಲಿ ಮೂರು ಸುಳ್ಳು ತಯಾರಿದ್ದವು, ಮೂರೂ ಚೆನ್ನಾಗಿದ್ದವು. ಅವ್ವ ನನ್ನನ್ನು ನೋಡಲಿಲ್ಲ. ಬೈಕು ನೋಡಿದಳು. ನಾನು ಇಳಿದೆ. ಅವಳು ಸೀಟಿನ ಮೇಲೆ ಕೈಯಾಡಿಸಿದಳು.

"ಇದನ್ಯಾಕ ಕೊಯ್ಸಿದಿ?"

"ನಾನಲ್ಲ. ಅಪ್ಪ."

"ಯಾವಾಗ?"

"ಭಾನುವಾರ," ಅಂದೆ.

ಆಮೇಲೆ ಹೇಳಿದೆ. ರೇಸು, ಭೀಮಿಲಿ ರಸ್ತೆ, ಇಲ್ಲದ ಆಡಿಟರು. ಅವ್ವ ಕೇಳುತ್ತ ಕೇಳುತ್ತ ಟೈರಿನ ಅಟ್ಟಿಯ ಮೇಲೆ ಕೂತಳು.

"ಬ್ಯಾರೆ ಯಾರೂ ಇದ್ದಿದ್ದಿಲ್ಲ?"

"ಇಲ್ಲವ್ವಾ. ನಾ ಒಬ್ಬಾಕಿ. ಫೋನಿನ್ಯಾಗ."

ಅವಳ ಮುಖ ಸಡಿಲಾಯಿತು. ಒಂದು ವರ್ಷದಲ್ಲಿ ಆ ಮುಖ ನಾನು ನೋಡಿರಲಿಲ್ಲ. "ಹುಚ್ಚ ಮನಷ್ಯಾ," ಅಂದಳು. ನಗುವಿಗೆ ಬಹಳ ಹತ್ತಿರವಿತ್ತು. ಅಲ್ಲಿಗೆ ನಿಲ್ಲಿಸಿದ್ದರೆ ಬಹುಶಃ ರೇಸಿಗೂ ಹೋಗು ಅನ್ನುತ್ತಿದ್ದಳೇನೋ. ಆದರೆ ಆ ಮುಖ ನೋಡಿಕೊಂಡು ಬಾಯಿ ಮುಚ್ಚಿಕೊಳ್ಳಲು ನನಗೆ ಆಗಲಿಲ್ಲ. "ಅಪ್ಪಗ ಎದಿ ಉರೀತಿತ್ತು," ಅಂದೆ. "ನನಗ ಹೇಳಿದ್ದ. ನಿನಗ ಹೇಳಬ್ಯಾಡ ಅಂದಿದ್ದ."

ಎಂಜಿನ್ ಓಡುತ್ತಲೇ ಇತ್ತು. ಮೆಕ್ಯಾನಿಕ್ಕಿಗೆ ಕನ್ನಡ ತಿಳಿಯದು, "ಟೀ ತರಿಸಲಾ ಅಮ್ಮಾ?" ಅಂದರು.

"ಎಷ್ಟ್ ಸಲ ಹೇಳಿದ್ರು?" ಅಂದಳು ಅವ್ವ.

"ಎರಡು ಸಲ," ಅಂದೆ. (ಮೂರು.)

ಅವ್ವ ಎದ್ದು ಬಂದು ಕೀಲಿ ತಿರುಗಿಸಿದಳು. ಶೆಡ್ಡು ಒಮ್ಮೆಲೇ ಸುಮ್ಮನಾಯಿತು. ಕೀಲಿಯನ್ನು ತೆಗೆದು ಪರ್ಸಿನಲ್ಲಿ ಹಾಕಿಕೊಂಡಳು. "ನನಗ ಒಂದ ಸಲ ಹೇಳಿದ್ರ ಸಾಕಿತ್ತು," ಅಂದಳು. ಸಿಟ್ಟು ಇರಲಿಲ್ಲ ದನಿಯಲ್ಲಿ. ಹೊರಗೆ ಹೋಗಿ ಆಟೋ ಹತ್ತಿದಳು, ಒಂದು ಬದಿಗೆ ಸರಿದು ಕೂತಳು. ಬಾ ಅನ್ನಲಿಲ್ಲ. ಆಟೋದವನಿಗೆ ಹೊರಡು ಅಂತಲೂ ಅನ್ನಲಿಲ್ಲ.