ಎರಡೂ ಬದಿಗೆ ಕುಂಕುಮ

ಕಳೆದ ವಾರ ರೋಣದ ನಮ್ಮ ಶಾಲೆಯಲ್ಲಿ ಸಹೋದ್ಯೋಗಿಯೊಬ್ಬರು ಹೊರದೇಶದಿಂದ ಬಂದ ನೀರು ಕಾಯಿಸುವ ಕೆಟಲ್ ತಂದಿದ್ದರು. ಅದರ ಪಿನ್ನಿಗೆ ದಪ್ಪನೆಯ ಎರಡೇ ದುಂಡು ಕಡ್ಡಿ. ಗೋಡೆಯ ಮೂರು ತೂತಿನ ಸಾಕೆಟ್ಟಿಗೆ ಅದು ಹೋಗಲೊಲ್ಲದು. ಅವರು ಮೇಲಿನ ತೂತಿಗೆ ಬಾಲ್‌ಪೆನ್ನಿನ ತುದಿ ಒತ್ತಿ ಹಿಡಿದು ಪಿನ್ನನ್ನು ಒಳಗೆ ನೂಕಿದರು. ಚಟ್ ಎಂದು ಒಂದು ಕಿಡಿ, ಸುಟ್ಟ ರಬ್ಬರಿನ ವಾಸನೆ. ಎಲ್ಲರೂ ನಕ್ಕರು. ನಾನು ಎದ್ದು ಹೊರಗೆ ಹೋದೆ.

ಗಜೇಂದ್ರಗಡದಲ್ಲಿ ನಮ್ಮ ಮನೆಯ ಎದುರಿಗೆ ಕಾಕಾನ ರಿಪೇರಿ ಅಂಗಡಿ ಇತ್ತು. ಕಾಕಾ ಎಂದರೆ ರಕ್ತಸಂಬಂಧವಲ್ಲ, ಓಣಿಯವರೆಲ್ಲ ಹಾಗೆ ಕರೆಯುತ್ತಿದ್ದರು. ರೇಡಿಯೋ, ಮಿಕ್ಸರು, ಫ್ಯಾನು ಎಲ್ಲವೂ ಅವರ ಕೈಗೆ ಬರುತ್ತಿದ್ದವು. ದುಬೈ, ಕುವೈತ್ ಕಡೆಯಿಂದ ಬಂದವರು ತಂದ ಸಾಮಾನೂ ಮೊದಲು ಅಲ್ಲಿಗೇ. ನಾನಾಗ ಬಿ.ಎಸ್ಸಿ. ಓದುತ್ತಿದ್ದೆ. ವಸ್ತುವನ್ನು ಬೋರಲು ಹಾಕಿ, ತಳದ ಸಣ್ಣ ಅಕ್ಷರಗಳನ್ನು ನನ್ನಿಂದ ಓದಿಸುತ್ತಿದ್ದರು.

"ಎಷ್ಟ್ ಬರದಾರ ನೋಡ್ ಬೇಟಿ. ನೂರಾ ಹತ್ತು ವೋಲ್ಟ್ ಅಂತಿದ್ರ ಹಚ್ಚಬ್ಯಾಡ. ಅದರ ಹೊಟ್ಟಿ ಸಣ್ಣದು, ನಮ್ಮ ಕರೆಂಟ್ ಉಂಡ್ರ ಒಡೀತೈತಿ."

ಇಷ್ಟು ಎಚ್ಚರದ ಮನುಷ್ಯನಿಗೂ ಒಂದು ಕೆಟ್ಟ ರೂಢಿ ಇತ್ತು. ಊರಿನ ಹಳೆಯ ಮನೆಗಳಲ್ಲಿ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಇರಲಿಲ್ಲ. ಲೋಹದ ಯಂತ್ರ ಮುಟ್ಟಿದರೆ ಮೈ ಚುಳುಚುಳು ಎನ್ನುತ್ತದೆ ಎಂದು ಯಾರಾದರೂ ಬಂದರೆ, ಅವರು ಯಂತ್ರದ ಒಳಗೆ, ಅದರ ಮೈಗೆ ತಾಗಿದ ಅರ್ಥ್ ತಂತಿಯನ್ನು ಕರೆಂಟು ಮರಳಿ ಹೋಗುವ ನ್ಯೂಟ್ರಲ್ ತಂತಿಗೆ ಜೋಡಿಸಿ ಕೊಡುತ್ತಿದ್ದರು. ಚುಳುಚುಳು ನಿಲ್ಲುತ್ತಿತ್ತು. ಆ ಕಾಲದ ಮಿಸ್ತ್ರಿಗಳೆಲ್ಲ ಹೀಗೇ ಮಾಡುತ್ತಿದ್ದರು... ಆದರೆ ಎರಡೇ ದುಂಡು ಕಡ್ಡಿಯ ಪಿನ್ನು ಹೇಗೆ ಬೇಕಾದರೂ ಒಳಗೆ ಹೋಗುತ್ತದೆ. ತಿರುವಿ ಹಾಕಿದರೆ ನ್ಯೂಟ್ರಲ್ ಇದ್ದಲ್ಲಿ ಕರೆಂಟು, ಯಂತ್ರದ ಮೈತುಂಬ ಕರೆಂಟು.

ನಾನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದ ಪಕ್ಕದ ಮನೆಯವರು ಬ್ಲೌಜು ಹೊಲಿಯುತ್ತಿದ್ದರು. ಹಡಗಿನಲ್ಲಿ ಅಡುಗೆಯವನಾಗಿದ್ದ ಅವರ ತಮ್ಮ ಜರ್ಮನಿಯ ಯಾವುದೋ ಬಂದರಿನಲ್ಲಿ ಕೊಂಡ ಉಗಿ ಇಸ್ತ್ರಿ ತಂದುಕೊಟ್ಟಿದ್ದ. ಹಿಡಿಕೆಯವರೆಗೂ ಸ್ಟೀಲು. ಎರಡು ದಿನಕ್ಕೇ ಚುಳುಚುಳು ಶುರುವಾಯಿತು. ಅದನ್ನು ಕಾಕಾನ ಅಂಗಡಿಗೆ ಒಯ್ದಾಗ ನಾನೂ ಜೊತೆಗಿದ್ದೆ.

"ನಿನ್ನ ತಮ್ಮ ಹಡಗದಾಗ ಅಡಗಿ ಮಾಡ್ತಾನೋ, ಇಸ್ತ್ರಿ ಮಾರ್ತಾನೋ?" ಎಂದು ನಗುತ್ತ ಕಾಕಾ ಅದನ್ನು ಬಿಚ್ಚಿ ನೋಡಿದರು. "ಈ ಪಿನ್ನು ಕತ್ತರಿಸಿ ನಮ್ಮ ಮೂರು ಕಡ್ಡೀದು ಹಾಕ್ತೀನಿ. ಹಿತ್ತಲದಾಗ ತೆಗ್ಗು ತೋಡಿ, ಇದ್ದಲಿ ಉಪ್ಪು ಹಾಕಿ ಅರ್ಥಿಂಗ್ ಮಾಡೂಣು."

"ಕತ್ತರಿಸಬ್ಯಾಡ್ರಿ ಕಾಕಾ! ಆ ಫಾರಿನ್ ಪಿನ್ನು ನೋಡೇ ನಾಕ್ ಮಂದಿ ಹೆಚ್ಚಿಗಿ ಬರ್ತಾರ. ತೆಗ್ಗು ಗಿಗ್ಗು ಹಬ್ಬ ಆದಮ್ಯಾಲ ನೋಡೂಣ್ರಿ. ಬ್ಲೌಜು ಗುಡ್ಡ ಬಿದ್ದಾವು."

ನಾನೂ ವೈನಿಯ ಪರವಾಗಿಯೇ ಮಾತಾಡಿದೆ. ಕಾಕಾ ಒಲ್ಲದ ಮನಸ್ಸಿನಿಂದ ಒಳಗೆ ತಂತಿ ಜೋಡಿಸಿದರು. ವೈನಿಯ ಉಗುರುಬಣ್ಣ ತರಿಸಿ ಪಿನ್ನಿನ ಒಂದು ಬದಿಗೆ ಕೆಂಪು ಚುಕ್ಕೆ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಕೆಂಪು ಯಾವಾಗ್ಲೂ ಮ್ಯಾಲೆ ಇರಬೇಕು. ನೀ ಕಲ್ತಾಕಿ, ನೀ ಲಕ್ಷ್ಯ ಇಡಬೇಕು," ಎಂದರು.

ಮಹಾನವಮಿಗೆ ನಮ್ಮಲ್ಲಿ ಖಂಡೆ ಪೂಜೆ. ಮನೆಯ ಕುಡುಗೋಲಿನಿಂದ ಹೊಲಿಗೆ ಯಂತ್ರದವರೆಗೆ ಎಲ್ಲವನ್ನೂ ಒರೆಸಿ ವಿಭೂತಿ, ಕುಂಕುಮ ಹಚ್ಚುತ್ತೇವೆ. ಆ ವರ್ಷ ವೈನಿಯ ಮನೆಯ ಯಂತ್ರಗಳಿಗೆ ಕುಂಕುಮ ಹಚ್ಚಿದವಳು ನಾನು. ಇಸ್ತ್ರಿಗೆ ಹಚ್ಚಿದೆ. ಅದರ ಪಿನ್ನಿಗೂ ಹಚ್ಚಿದೆ. ಕುಂಕುಮ ಕಲಸಿದ ಬಟ್ಟಲಿಗೆ ಬೆರಳದ್ದಿ, ಎರಡೂ ಬದಿಗೆ, ಧಾರಾಳವಾಗಿ.

ಮರುದಿನ ಬೆಳಿಗ್ಗೆ ನಾನು ವೈನಿಯ ಮನೆಯ ಹೊಸ್ತಿಲಲ್ಲಿ ಕುಳಿತು ಬ್ಲೌಜಿಗೆ ಹುಕ್ಕು ಹಚ್ಚುತ್ತಿದ್ದೆ. ಆಗಷ್ಟೇ ತೊಳೆದ ಹಸಿ ನೆಲದ ಮೇಲೆ ವೈನಿ ಬರಿಗಾಲಲ್ಲಿ ನಿಂತಿದ್ದರು. ಪಿನ್ನನ್ನು ಕೈಯಲ್ಲಿ ಹಿಡಿದು ನಕ್ಕರು.

"ಎರಡೂ ಕಡೆ ಹಚ್ಚೀಯಲ್ಲ, ಇದರ ಹಣಿ ಯಾವುದು, ಬೆನ್ನು ಯಾವುದು?"

ನಾನೂ ನಕ್ಕೆ.

ಅವರು ಯಾವುದೋ ಒಂದು ಕೆಂಪನ್ನು ಮೇಲೆ ಮಾಡಿ ಪಿನ್ನು ಸಿಕ್ಕಿಸಿ, ಸ್ವಿಚ್ಚು ಒತ್ತಿ ಇಸ್ತ್ರಿ ಹಿಡಿದರು. ಕೂಗಲಿಲ್ಲ. ಮುಷ್ಟಿ ಬಿಗಿಯಿತು, ಕತ್ತು ಸೆಟೆಯಿತು, ಕಣ್ಣುಗಳು ಮಾತ್ರ ನನ್ನನ್ನು ನೋಡುತ್ತಿದ್ದವು. ಏನಾಗುತ್ತಿದೆ ಎಂಬುದು ನನಗೆ ಪೂರ್ತಿ ಗೊತ್ತಿತ್ತು. ಸ್ವಿಚ್ಚು ನಾಲ್ಕು ಹೆಜ್ಜೆ ದೂರ. ಆ ನಾಲ್ಕು ಹೆಜ್ಜೆಗಳನ್ನು ನಾನು ಇಂದಿಗೂ ಇಡುತ್ತಲೇ ಇದ್ದೇನೆ... ಅಂದು ಏಳಲೇ ಇಲ್ಲ. ಎದುರಿನ ಅಂಗಡಿಯಿಂದ ಇದನ್ನು ಕಂಡ ಕಾಕಾ ರಸ್ತೆ ದಾಟಿ ನನ್ನನ್ನು ದಾಟಿಕೊಂಡೇ ಒಳಗೆ ನುಗ್ಗಿದರು. ಬಟ್ಟೆ ಅಳೆಯುವ ಕಟ್ಟಿಗೆಯ ಗಜಕಡ್ಡಿಯಿಂದ ಸ್ವಿಚ್ಚಿಗೆ ಹೊಡೆದರು. ವೈನಿ ಕುಸಿದು ಬಿದ್ದರು.

ಓಣಿಯವರು ಓಡಿ ಬರುವಷ್ಟರಲ್ಲಿ ಕಾಕಾ ಪಿನ್ನನ್ನು ಕಿತ್ತು ಕೈಗೆ ತೆಗೆದುಕೊಂಡಿದ್ದರು. ತಿರುವಿ ನೋಡಿದರು. ನನ್ನನ್ನು ನೋಡಿದರು. ಆಮೇಲೆ ಎರಡೂ ಬದಿಯ ಕುಂಕುಮವನ್ನು ಹೆಬ್ಬೆರಳಿನಿಂದ ಒರೆಸಿ, ಲುಂಗಿಗೆ ಉಜ್ಜಿಕೊಂಡರು.

"ತಪ್ಪು ನಂದು. ತಂತಿ ಜೋಡಿಸಿದಾಂವ ನಾನು," ಎಂದು ಎಲ್ಲರೆದುರು ಹೇಳಿದರು. ನಾನು ನೆಲಕ್ಕೆ ಚೆಲ್ಲಿದ ಹುಕ್ಕುಗಳನ್ನು ಆಯುತ್ತಿದ್ದೆ.

ವೈನಿ ದವಾಖಾನೆಯಿಂದ ಮರಳಿದರು. ಜೀವ ಉಳಿಯಿತು, ಬಲಗೈಯ ಎರಡು ಬೆರಳು ಮಡಚದಂತಾದವು. ಹೊಲಿಗೆ ನಿಂತಿತು. ಕಾಕಾನ ಅಂಗಡಿಗೆ ಜನ ಬರುವುದೂ ನಿಂತಿತು.

ಒಂದು ಸಂಜೆ ಕಾಕಾ ನನ್ನ ಕೈಗೆ ನೋಟ್‌ಬುಕ್ ಕೊಟ್ಟು, ತಾವು ಹಾಗೆ ತಂತಿ ಜೋಡಿಸಿಕೊಟ್ಟ ಮನೆಗಳನ್ನೆಲ್ಲ ನೆನಪಿಸಿಕೊಂಡು ಬರೆಸಿದರು. ಅವರಿಗೆ ಹೆಸರು ನೆನಪಿರುತ್ತಿರಲಿಲ್ಲ, ಯಂತ್ರ ನೆನಪಿರುತ್ತಿತ್ತು. "ಲಕ್ಕಲಕಟ್ಟಿ, ಬೇವಿನ ಗಿಡದ ಮನಿ, ಬಿಳಿ ಮಿಕ್ಸರ್... ಬರಿ." ಆಮೇಲೆ ಸ್ಕ್ರೂಡ್ರೈವರ್ ಹಿಡಿದು ಬಸ್ಸು ಹತ್ತಿದರು. ಪ್ರತಿ ಮನೆಯಲ್ಲೂ ಯಂತ್ರ ಬಿಚ್ಚಿ, ತಾವು ಹಾಕಿದ ಜೋಡಣೆ ಕತ್ತರಿಸಿ, ಅರ್ಥಿಂಗ್ ಆಗುವವರೆಗೆ ಮುಟ್ಟಬೇಡಿ ಎಂದು ಹೇಳಿ ಬರುತ್ತಿದ್ದರು. ಕೆಲವರು ಚಹಾ ಕೊಟ್ಟರು. ಚಿಕ್ಕನರಗುಂದದಲ್ಲಿ ಒಬ್ಬ, "ಚಲೋ ನಡದಿದ್ದನ್ನ ಕೆಡಸಾಕ ಬಂದೀಯೇನು ಮುದುಕಾ?" ಎಂದು ಬಾಗಿಲಿನಿಂದಲೇ ಅಟ್ಟಿದನಂತೆ. ಕಾಕಾ ಮೂರು ಸಲ ಹೋಗಿ, ಅವನ ಹೆಂಡತಿಯ ಕೈಕಾಲು ಹಿಡಿದು ಕತ್ತರಿಸಿಯೇ ಬಂದರು.

ಕೊನೆಗೆ ಉಳಿದದ್ದು ಒಂದೇ ಮನೆ. ಮೆಣಸಗಿಯಲ್ಲಿ ಹೊಳೆಯ ದಂಡೆಯದು, ಹಿಟ್ಟು ನಾದುವ ಯಂತ್ರದ ಮನೆ. ಆಗಲೇ ಅವರಿಗೆ ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತಿತ್ತು. "ಐತವಾರ ನೀನೂ ಬಾ ಬೇಟಿ, ಒಬ್ಬಾಂವಗ ಆಗವಲ್ದು," ಎಂದರು. ಬರುತ್ತೇನೆ ಎಂದೆ. ಆ ದಾರಿಯಲ್ಲಾದರೂ ಕುಂಕುಮದ ಮಾತು ತೆಗೆದುಬಿಡಬೇಕು ಎಂದುಕೊಂಡಿದ್ದೆ. ಭಾನುವಾರ ಬಂದಾಗ ಪರೀಕ್ಷೆ ಇದೆ ಎಂದು ಹೇಳಿ ಕಳಿಸಿದೆ, ಕಾಕಾನೂ ಅಂದು ಹೋಗಲಿಲ್ಲ. ಪರೀಕ್ಷೆ ಇನ್ನೂ ಹತ್ತು ದಿನ ದೂರವಿತ್ತು... ಮುಂದಿನ ಭಾನುವಾರಕ್ಕೆ ಕಾಕಾ ಇರಲಿಲ್ಲ.

ತಿಂಗಳು ಕಳೆದ ಮೇಲೆ ನಾನೊಬ್ಬಳೇ ಮೆಣಸಗಿಗೆ ಹೋದೆ. ಅಷ್ಟರಲ್ಲಿ ಹೊಳೆಗೆ ಪ್ರವಾಹ ಬಂದು ದಂಡೆಯ ಮನೆಗಳು ಖಾಲಿಯಾಗಿದ್ದವು. ಕೆಲವರು ಎತ್ತರದ ಜಾಗಕ್ಕೆ, ಕೆಲವರು ಬೇರೆ ಊರಿಗೆ ಹೋಗಿದ್ದರು. ಮನೆಮನೆಗೆ ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಆಮೇಲೂ ಎರಡು ಸಲ ಹೋಗಿ ಬಂದಿದ್ದೇನೆ.

ಕಳೆದ ವಾರ ಸ್ಟಾಫ್ ರೂಮಿನಲ್ಲಿ ನಕ್ಕವರಿಗೆ ಇದನ್ನೆಲ್ಲ ಹೇಳಲಾಗಲಿಲ್ಲ. ಅದಕ್ಕೇ ಬರೆದಿದ್ದೇನೆ. ಇದನ್ನು ಓದುವವರಲ್ಲಿ ಒಂದು ಕಾಲಕ್ಕೆ ಮೆಣಸಗಿಯ ಹೊಳೆ ದಂಡೆಯಲ್ಲಿದ್ದವರು ಯಾರಾದರೂ ಇದ್ದರೆ, ಹಿಟ್ಟು ನಾದುವ ಸ್ಟೀಲಿನ ಫಾರಿನ್ ಯಂತ್ರ ಇನ್ನೂ ಮನೆಯಲ್ಲಿದ್ದರೆ, ದಯವಿಟ್ಟು ಅದನ್ನು ಹಚ್ಚಬೇಡಿ. ಮೊದಲು ತಿಳಿದವರೊಬ್ಬರಿಂದ ಒಳಗಿನ ತಂತಿ ಬಿಡಿಸಿರಿ. ಹೇಳಲು ನಿಮ್ಮ ಬಾಗಿಲಿಗೆ ಬರಬೇಕಿದ್ದವರು ತೀರಿಕೊಂಡರು. ಅವರ ಜೊತೆ ಬರುತ್ತೇನೆ ಎಂದು ಮಾತು ಕೊಟ್ಟವಳು ನಾನು.