ಅರ್ಧಕ್ಕೆ ಬಿಟ್ಟುಹೋದ ಚಿಗವ್ವ

ಹೋದ ತಿಂಗಳು ಒಂದು ಮಧ್ಯಾಹ್ನ ನನ್ನ ಜೊತೆ ಕೆಲಸ ಮಾಡುವ ಹುಡುಗಿ ಬುತ್ತಿ ಬಿಚ್ಚಿದಳು. ರೊಟ್ಟಿ, ಮೇಲೆ ಗುರೆಳ್ಳು ಚಟ್ನಿ. ಹುರಿದ ಗುರೆಳ್ಳು, ಬೆಳ್ಳುಳ್ಳಿಯ ಆ ವಾಸನೆಗೆ ನನ್ನ ಕೈಯ ತುತ್ತು ಅಲ್ಲೇ ನಿಂತಿತು. ಮುನವಳ್ಳಿಯ ನಮ್ಮ ಓಣಿಯಲ್ಲಿ ಆ ವಾಸನೆ ಏಳುತ್ತಿದ್ದುದು ಬಾಜು ಮನೆಯಿಂದ, ಚಿಗವ್ವನ ಮನೆಯಿಂದ.

ಬಳಗದವಳೇನಲ್ಲ. ಓಣಿಯ ಮಕ್ಕಳಿಗೆಲ್ಲ ಆಕೆ ಚಿಗವ್ವ. ಗಂಡ ತೀರಿಕೊಂಡ ಮೇಲೆ ಇದ್ದ ಹೊಲವನ್ನು ಲಾವಣಿಗೆ ಕೊಟ್ಟು, ಬಂದ ಗೇಣಿಯಲ್ಲೇ ಒಬ್ಬಳೇ ಮಗಳನ್ನು ಸಾಕಿದವಳು. ನಾನು ಸವದತ್ತಿಯ ಕಾಲೇಜಿಗೆ ಹೊರಟಾಗ ನನ್ನ ಬುತ್ತಿಗೂ ಚಟ್ನಿ ಸುರುವಿ, "ಬರೇ ಮಸರ ಉಂಡ್ರ ತಲಿಗೆ ಏನ ಹತ್ತತೈತಿ?" ಎಂದು ಬೈಯುತ್ತಿದ್ದಳು.

ಕಾಲೇಜು ಮುಗಿಸಿ ನಾನು ಬೆಳಗಾವಿಯ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ತರಬೇತಿಗೆ ಸೇರಿದೆ. ಸ್ಕ್ಯಾನಿನ ಚಿತ್ರದ ಮೇಲೆ ಡಾಕ್ಟರು ಗಡ್ಡೆಯನ್ನು ಗುರುತು ಹಾಕುತ್ತಾರೆ. ಯಾವ ದಿಕ್ಕಿನಿಂದ ಎಷ್ಟು ವಿಕಿರಣ ಬಿಟ್ಟರೆ ಗಡ್ಡೆ ಸಾಯುತ್ತದೆ, ಸುತ್ತಲಿನ ಕರುಳು, ಮೂತ್ರಕೋಶ ಉಳಿಯುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟುವುದು ನಾನು ಕಲಿಯುತ್ತಿದ್ದ ಡೋಸಿಮೆಟ್ರಿಸ್ಟ್ ಕೆಲಸ. ಆ ಲೆಕ್ಕವನ್ನು ಪ್ಲಾನ್ ಎನ್ನುತ್ತೇವೆ.

ಒಂದು ಬೆಳಿಗ್ಗೆ ಕಾರಿಡಾರಿನ ಬೆಂಚಿನ ಮೇಲೆ ಚಿಗವ್ವ ಕೂತಿದ್ದಳು. ಪಕ್ಕದಲ್ಲಿ ಬೆಳಗಾವಿಯಲ್ಲೇ ಇದ್ದ ಆಕೆಯ ತಮ್ಮ. ನನ್ನನ್ನು ಕಂಡು ಆಕೆಗೆ ಸಂತೋಷವಾಗಲಿಲ್ಲ. ಮುಖ ಕಪ್ಪಿಟ್ಟಿತು. ಕೈ ಹಿಡಿದು ಮೂಲೆಗೆ ಎಳೆದುಕೊಂಡು ಹೋದಳು.

"ನನ್ನ ನೋಡಿಲ್ಲ ಅಂತ ತಿಳ್ಕೊ ತಂಗಿ. ನಿಮ್ಮವ್ವಗೂ ಹೇಳಬ್ಯಾಡ. ಹುಡುಗೀಗೆ ರಾಮದುರ್ಗದಾಗ ಗಂಡು ನೋಡೇವಿ. ಈ ಜಡ್ಡು ರಕ್ತದಾಗ ಬರತೈತಿ ಅಂತಾರ ಮಂದಿ. ಗೊತ್ತಾದ್ರ ಯಾರ ಮಾಡ್ಕೊಂತಾರ ಅಕಿನ್ನ?"

ತಮ್ಮನ ಹೆಂಡತಿಯ ಕಾಲು ಮುರಿದಿದೆ, ಅಡುಗೆ ಮಾಡಿಕೊಡಲು ಹೋಗುತ್ತೇನೆ ಎಂದು ಊರಲ್ಲಿ ಹೇಳಿ ಬಂದಿದ್ದಳಂತೆ. ಮಗಳಿಗೂ ಅಷ್ಟೇ ಗೊತ್ತು. ಇದ್ದದ್ದು ಗರ್ಭಕೋಶದ ಬಾಯಿಯ ಕ್ಯಾನ್ಸರ್. ಚಿಕಿತ್ಸೆ ನಡುವೆ ತಪ್ಪದೆ ಪೂರ್ತಿಯಾದರೆ ವಾಸಿಯಾಗುವ ಹಂತದಲ್ಲಿತ್ತು.

ಕಲಿಯಲೆಂದು ಆ ಪ್ಲಾನನ್ನು ನನಗೇ ಕೊಟ್ಟರು. ನಮ್ಮ ಓಣಿಯವಳೆಂದು ಕೆಲಸ ಕಲಿಸುತ್ತಿದ್ದ ಹಿರಿಯರಿಗೆ ಹೇಳಿದೆ. ಅವರು, "ಹಂಗಾರ ಇನ್ನೂ ಚಂದ ಮಾಡು," ಎಂದರು. ಪರದೆಯ ಮೇಲೆ ಚಿಗವ್ವನ ಒಡಲು ಪದರಪದರವಾಗಿ ತೆರೆದುಕೊಂಡಿತು. ಆಕೆ ಸೀರೆ ಉಡುವಾಗ ಕದ ಮುಚ್ಚಿಕೊಳ್ಳುತ್ತಿದ್ದ ಹೆಂಗಸು... ನನಗೆ ನಾಚಿಕೆಯಾಯಿತು. ಕರುಳಿಗೆ ತಾಗುವುದು ಕಡಿಮೆಯಾಗುವವರೆಗೆ ಎರಡು ದಿನ ಕೆಡಿಸಿ ಕೆಡಿಸಿ ಕಟ್ಟಿದೆ. ಹಿರಿಯರು ತಿದ್ದಿ ಒಪ್ಪಿದರು.

ಮೂತ್ರಕೋಶ ತುಂಬಿದ್ದರೆ ಕರುಳು ಮೇಲಕ್ಕೆ ಸರಿಯುತ್ತದೆ. ಅದಕ್ಕೆ ದಿನಾ ಚಿಕಿತ್ಸೆಗೆ ಮೊದಲು ನೀರು ಕುಡಿಯಬೇಕು. ಬಾಟ್ಲಿ ಹಿಡಿದು ಕೂತ ಚಿಗವ್ವ, "ಹೊಟ್ಟಿ ಅನ್ನೂದು ಕೆರಿ ಆಗೇತಿ ನೋಡು," ಎಂದು ನಗುತ್ತಿದ್ದಳು. ಆಕೆಯನ್ನು ಆಸ್ಪತ್ರೆಗೆ ಎಳೆದು ತಂದಿದ್ದೇ ರಕ್ತಸ್ರಾವ; ಕೆಲವು ವಾರಗಳಲ್ಲಿ ಅದು ನಿಂತಿತು. ಅದೇ ಮುಳುವಾಯಿತು. ಆರಾಮಾಯಿತು ಅಂದುಕೊಂಡಳು. ಗಂಡಿನ ಕಡೆಯವರು ಬರುತ್ತಾರೆಂದು ಊರಿಗೆ ಹೋದವಳು ಸೋಮವಾರ ಬರಲಿಲ್ಲ. ವಾರವಿಡೀ ಆಕೆಯ ಸರದಿಯ ಹೊತ್ತಿಗೆ ವಿಕಿರಣ ಯಂತ್ರದ ಮಂಚ ಖಾಲಿ. ತಮ್ಮನಿಗೆ ಫೋನ್ ಮಾಡಿದರೆ, "ಒಲ್ಲೆ ಅಂತಾಳ್ರಿ, ನಾ ಏನ್ ಮಾಡ್ಲಿ?" ಎಂದ.

ರವಿವಾರ ಮುನವಳ್ಳಿಗೆ ಹೋದೆ. ಚಿಗವ್ವನ ಪಡಸಾಲೆಯಲ್ಲಿ ಜಮಖಾನೆಯ ಮೇಲೆ ರಾಮದುರ್ಗದ ಬೀಗರು ಮಾತುಕತೆಗೆ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಆಕೆ ಗಟ್ಟಿಯಾಗಿ, "ಬಾ ತಂಗಿ, ಮದುವಿ ಹೆಣ್ಣಿನ ನೋಡಾಕ ಬಂದಿ ಹೌದಿಲ್ಲೊ?" ಎಂದು ಅಡುಗೆಮನೆಗೆ ಕರೆದೊಯ್ದಳು.

"ಚಿಗವ್ವಾ, ನಡುವ ಬಿಟ್ರ ಮತ್ತ ಬೆಳೀತೈತಿ. ನಾಳೆ ನನ್ನ ಜೋಡಿ ಬಾ."

"ಮೊದಲ ಹುಡುಗಿ ತಲಿ ಮ್ಯಾಲ ಅಕ್ಕಿಕಾಳ ಬೀಳಲಿ. ಮರುದಿನಾನ ಬರತೇನಿ."

"ಅಷ್ಟರಾಗ ತಡ ಆಗತೈತಿ. ಹುಡುಗೀಗರೆ ಹೇಳತೇನಿ."

ಆಕೆ ನನ್ನ ಕೈಯನ್ನು ತನ್ನ ನೆತ್ತಿಯ ಮೇಲೆ ಒತ್ತಿ ಹಿಡಿದಳು. "ನನ್ನ ಆಣಿ ಐತಿ. ನೀ ಬಾಯಿ ಬಿಟ್ರ ನಾ ಇವತ್ತ ಸತ್ತಂಗ."

ಹೊರಗೆ ಬೀಗರು ಯಾವುದೋ ಮಾತಿಗೆ ನಗುತ್ತಿದ್ದರು. ನಾನು ಎದ್ದು ಬಂದೆ.

ಕೆಲವು ತಿಂಗಳ ಮೇಲೆ ಮದುವೆ ಚೆನ್ನಾಗಿ ಆಯಿತಂತೆ. ಚಿಗವ್ವ ಮಾತಿನಂತೆ ಬಂದಳು. ಆದರೆ ಗಾಲಿಕುರ್ಚಿಯಲ್ಲಿ, ತಮ್ಮ ತಳ್ಳಿಕೊಂಡು. ಬೇನೆ ಬೆನ್ನೆಲುಬಿಗೆ ಇಳಿದಿತ್ತು. ಇನ್ನು ವಿಕಿರಣ ನೋವು ತಗ್ಗಿಸುವುದಕ್ಕಷ್ಟೇ ಎಂದರು ಡಾಕ್ಟರು. ಆ ಪ್ಲಾನಿಗೂ ನಾನೇ ಕೂತೆ. ಉಳಿಸಿಕೊಳ್ಳಬೇಕಾದ್ದು ಹೆಚ್ಚೇನೂ ಇಲ್ಲದಾಗ ಲೆಕ್ಕ ಸಲೀಸು. ಅರ್ಧ ತಾಸೂ ಹಿಡಿಯಲಿಲ್ಲ. ಸುಗ್ಗಿಗೆ ಮೊದಲೇ ಆಕೆ ಹೋದಳು. ಊರಲ್ಲಿ ಹೊಟ್ಟೆಹುಣ್ಣು ಎಂದರು. ಮಗಳಿಗೂ ಹಾಗೆಯೇ ಹೇಳಿದರು.

ಹೋದ ತಿಂಗಳು ಆ ಹುಡುಗಿ ಬುತ್ತಿ ಬಿಚ್ಚಿದ ವಾರವೇ ಊರಿಗೆ ಹೊರಟಿದ್ದೆ. ಯರಗಟ್ಟಿ ಬಸ್‌ಸ್ಟ್ಯಾಂಡಿನಲ್ಲಿ ಚಿಗವ್ವನ ಮಗಳು ಸಿಕ್ಕಳು, ಕಂಕುಳಲ್ಲಿ ಕೂಸು.

"ಅಕ್ಕಾ, ಖರೇ ಹೇಳು. ನಮ್ಮವ್ವಗ ಏನಾಗಿತ್ತು? ಮಾಮಾ ಹೇಳವಲ್ಲ."

ಆಣೆ ನೆನಪಾಯಿತು... ಆದರೂ ಹೇಳಿದೆ, ಎಲ್ಲವನ್ನೂ. ಇದು ರಕ್ತದಲ್ಲಿ ಇಳಿದು ಬರುವ ಬೇನೆಯಲ್ಲ, ಆದರೆ ಯಾವ ಹೆಂಗಸಿಗೂ ಬರಬಹುದು, ನೀನೂ ಒಮ್ಮೆ ತಪಾಸಣೆ ಮಾಡಿಸಿಕೊ, ಬೇಗ ಗೊತ್ತಾದರೆ ಹೆದರುವಂಥದ್ದಲ್ಲ ಎಂದೂ ಹೇಳಿದೆ. ಅವಳು ಅಳಲಿಲ್ಲ. ಕೂಸು ತಾಳಿ ಹಿಡಿದು ಎಳೆಯುತ್ತಿತ್ತು. ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ನನ್ನ ಮದುವಿ ಸಲುವಾಗಿ ಬಿಟ್ಟಳೇನು?"

ರಾಮದುರ್ಗದ ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟವಳು ತಿರುಗಿ ದನಿ ತಗ್ಗಿಸಿ ಅಂದಳು: "ತಪಾಸಣಿಗೆ ಬರತೇನಿ ಅಕ್ಕಾ. ಆದ್ರ ನಮ್ಮ ಮನ್ಯಾಗ ಗೊತ್ತಾಗಬಾರದು."

ಇನ್ನೂ ಬಂದಿಲ್ಲ.